ಬ್ರೇಕ್‌ಡೌನ್ ಲಾರಿಗೆ ನಾನು ಹಾಕಿದ ಬೀಗ

ಆಷಾಢದ ಒಂದು ಗುರುವಾರ ಬೆಳಿಗ್ಗೆ ಆರು ಗಂಟೆಗೆ ಚಿಕ್ಕಬಳ್ಳಾಪುರದ ನಮ್ಮ ವರ್ಕ್‌ಷಾಪಿನಿಂದ ಬ್ರೇಕ್‌ಡೌನ್ ಲಾರಿ ಹೊರಟಿತು. ದಾರಿಯಲ್ಲಿ ಕೆಟ್ಟು ನಿಂತ, ಹಳ್ಳಕ್ಕೆ ಬಿದ್ದ ಬಸ್ಸು ಲಾರಿಗಳನ್ನು ಎತ್ತಿ, ಎಳೆದು ತರುವುದು ಅದರ ಕೆಲಸ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. ಹಿಂದೆ ಕೈಯಿಂದ ತಿರುಗಿಸುವ ಕ್ರೇನು, ಎರಡೂ ಪಕ್ಕದಲ್ಲಿ ಎರಡೆರಡು ಕಬ್ಬಿಣದ ಪೆಟ್ಟಿಗೆ. ಓಡಿಸುತ್ತಿದ್ದವರು ಶಿಡ್ಲಘಟ್ಟದ ದಸ್ತಗೀರ್ ಸಾಬರು, ಪಕ್ಕದಲ್ಲಿ ಕೂತಿದ್ದವನು ಫಿಟ್ಟರನಾದ ನಾನು. ಅರವತ್ತರ ದಶಕದ ಮೊದಲ ವರ್ಷಗಳವು. ರಸ್ತೆಯಲ್ಲಿ ಇನ್ನೂ ಮೈಲಿಗಲ್ಲುಗಳೇ ಇದ್ದವು.

ಆ ಬೆಳಿಗ್ಗೆ ನನಗಿದ್ದ ಜಂಭ ಅಷ್ಟಿಷ್ಟಲ್ಲ. ಹಿಂದಿನ ಮೂರು ತಿಂಗಳಲ್ಲಿ ಪೆಟ್ಟಿಗೆಗಳಿಂದ ಎರಡು ಜಾಕಿ, ಒಂದು ಸರಪಳಿ, ಒಂದಿಡೀ ಸೆಟ್ಟು ಸ್ಪ್ಯಾನರು ಕಾಣೆಯಾಗಿದ್ದವು. ಯಜಮಾನರು ನನ್ನನ್ನು ಒಳಗೆ ಕರೆದು, "ಬೀಗ ಭದ್ರ ಮಾಡಯ್ಯ. ಬೀಗದ ಕೈ ಒಂದು ನಿನ್ನ ಹತ್ರ, ಇನ್ನೊಂದು ನನ್ನ ಬೀರೂಲಿ. ಡ್ರೈವರಿಗೆ ಮಾತ್ರ ಕೊಡಬೇಡ" ಎಂದಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ನನಗೂ ಸಾಬರ ಮೇಲೆಯೇ ಅನುಮಾನವಿತ್ತು. ಅನುಮಾನಕ್ಕೆ ಆಧಾರ ಏನೂ ಇರಲಿಲ್ಲ, ರಾತ್ರಿ ಗಾಡಿ ಅವರ ಸುಪರ್ದಿಯಲ್ಲಿರುತ್ತಿತ್ತು ಅಷ್ಟೆ.

ಎರಡು ದಿನ ಕೂತು ಕೆಲಸ ಮಾಡಿದ್ದೆ. ನಾಲ್ಕೂ ಪೆಟ್ಟಿಗೆಗಳಿಗೆ ಒಂದೇ ಬೀಗದ ಕೈಗೆ ತೆರೆಯುವ ಬೀಗಗಳು. ಬೀಗದ ಕೊಂಡಿಗೆ ಹಾರೆ ತೂರದಂತೆ, ಗರಗಸ ತಾಗದಂತೆ ಸುತ್ತಲೂ ದಪ್ಪ ಪೈಪಿನ ತುಂಡು ಬೆಸೆದಿದ್ದೆ. ಕೆಳಗಿನಿಂದ ಬೆರಳು ಹಾಕಿ, ತಡವಿಯೇ ಬೀಗದ ಕೈ ತೂರಿಸಬೇಕು. ಬಾಗಿಲ ಕೀಲುಗಳನ್ನು ಒಳಮುಖವಾಗಿ ತಿರುಗಿಸಿದ್ದೆ. ಜಾಕಿ, ಸರಪಳಿ, ಕ್ರೇನಿನ ಹಿಡಿ, ಕಡೆಗೆ ಸುತ್ತಿಗೆ ಉಳಿ ಕೂಡ ಪೆಟ್ಟಿಗೆಯೊಳಗೇ. ಬೀಗದ ಕೈಯನ್ನು ಖಾಕಿ ಅಂಗಿಯ ಒಳಜೇಬಿಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡಿದ್ದೆ.

ಮೊದಲ ದಿನದ ಕೆಲಸ ಗೌರಿಬಿದನೂರಿನಲ್ಲಿ. ಇಪ್ಪತ್ತೆರಡು ಮೈಲಿ ಚಿಲ್ಲರೆ ದಾರಿಗೆ ನಮ್ಮ ಗಾಡಿ ಎರಡು ಗಂಟೆ ತೆಗೆದುಕೊಂಡಿತು. ಮಂಚೇನಹಳ್ಳಿ ದಾಟಿದ ಮೇಲೆ ಆಷಾಢದ ಗಾಳಿ ಎದುರಿಗೇ ಬಡಿದು ಕಣ್ಣು ಬಾಯೆಲ್ಲ ಧೂಳಾಯಿತು. ಊರ ಹೊರಗೆ ಅಚ್ಚು ಮುರಿದು ನಿಂತಿದ್ದ ಬೆಲ್ಲದ ಲಾರಿಯನ್ನು ಎತ್ತಿ ಕಟ್ಟಿದೆವು. ಪ್ರತಿ ಸಾಮಾನು ತೆಗೆದಾಗಲೂ ಬೀಗ ತೆರೆದೆ, ಇಟ್ಟಾಗಲೂ ಬೀಗ ಹಾಕಿದೆ, ಜೊತೆಗೆ ಎಣಿಸಿದೆ. ಸಾಬರು ನೋಡುತ್ತಲೇ ಇದ್ದರು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು ಕಾಫಿ ಕುಡಿಯುವಾಗ ಮೆಲ್ಲಗೆ ಕೇಳಿದರು.

"ವೆಂಕಟೇಶಪ್ಪನೋರೆ, ಒಂದು ಬೀಗದ ಕೈ ನನ್ ಹತ್ರಾನೂ ಇದ್ರೆ ಒಳ್ಳೇದಲ್ವಾ? ದಾರೀಲಿ ಏನಾಗುತ್ತೋ ಯಾರಿಗೆ ಗೊತ್ತು."

"ಏನೂ ಆಗಲ್ಲ ಸಾಬರೇ. ನಾನಿದ್ದೀನಲ್ಲ."

"ನೀವಿದ್ದೀರಿ, ಸರಿ. ಹನ್ನೊಂದು ವರ್ಷದಿಂದ ನಾನೂ ಇದ್ದೀನಿ."

ಕಾಫಿ ಲೋಟವನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. ಕಳ್ಳನಿಗೆ ರೋಷ ಬಂತು ನೋಡು ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಅದನ್ನು ಬರೆಯುವುದಕ್ಕೂ ಈಗ ನಾಚಿಕೆಯಾಗುತ್ತದೆ.

ಮರುದಿನ ಶುಕ್ರವಾರ. ಮೇಲೂರಿನ ಹತ್ತಿರ ಚರಂಡಿಗೆ ಇಳಿದಿದ್ದ ಲಾರಿಯೊಂದನ್ನು ಎಳೆದು ಹಾಕಿ, ಅಲ್ಲಿಂದ ಚಿಂತಾಮಣಿಗೆ ಹೋಗಿ ಎಂಜಿನ್ ಕೆಟ್ಟ ಬಸ್ಸನ್ನು ತರಬೇಕಿತ್ತು. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹತ್ತು ಮೈಲಿ, ಅಲ್ಲಿಂದ ಬಲಕ್ಕೆ ಮೇಲೂರಿಗೆ ಐದು. ಹನ್ನೊಂದರ ಹೊತ್ತಿಗೆ ಅಲ್ಲಿನ ಕೆಲಸ ಮುಗಿಯಿತು. ಮಧ್ಯಾಹ್ನದ ನಮಾಜಿಗೆ ಶಿಡ್ಲಘಟ್ಟದಲ್ಲಿ ಅರ್ಧ ಗಂಟೆ ನಿಂತರೆ ಸಾಕು ಎಂದು ಸಾಬರು ಹೇಳಿದರು. ಮೇಲೂರು ನನ್ನ ಅಕ್ಕನನ್ನು ಕೊಟ್ಟ ಊರು. ಊಟಕ್ಕೆ ಅಲ್ಲಿಗೆ ಹೋದೆ. ಸಾಬರು ರಸ್ತೆಬದಿಯ ಹುಣಸೆಮರದ ಕೆಳಗೆ ಗಾಡಿಯಲ್ಲೇ ಉಳಿದರು.

ನನ್ನನ್ನು ಕಂಡದ್ದೇ ಅಕ್ಕ ಹೊಸ್ತಿಲಿನಿಂದಲೇ ಕೂಗಿದಳು. "ಅಲ್ಲೇ ನಿಂತ್ಕೊಳಪ್ಪಾ! ಒಳಗೆ ಕಾಲಿಡಬೇಡ. ಮೈಯೆಲ್ಲ ಸೀಮೆಎಣ್ಣೆ ನಾತ. ಹುಳ ನಾಲ್ಕನೇ ಜ್ವರ ಎದ್ದು ಮೇಯ್ತಾ ಅವೆ."

ರೇಷ್ಮೆ ಹುಳು ಸಾಕುವ ಮನೆಗಳ ಕಟ್ಟುನಿಟ್ಟು ಆ ಕಡೆಯವರಿಗೆಲ್ಲ ಗೊತ್ತು. ಹುಳು ನಾಲ್ಕು ಸಲ ತಿನ್ನುವುದು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ದಾಟಿದರೆ ಗೂಡು ಕಟ್ಟಲು ಒಂದು ವಾರ. ಆಗ ಸೀಮೆಎಣ್ಣೆ, ಹೊಗೆಸೊಪ್ಪು, ಗ್ರೀಸು ಯಾವುದರ ವಾಸನೆಯೂ ಸೋಕಬಾರದು. ಬಂದವನು ತಮ್ಮನಾದರೂ ಅಷ್ಟೆ, ಅಮಲ್ದಾರನಾದರೂ ಅಷ್ಟೆ. ದನದ ಕೊಟ್ಟಿಗೆಯ ಪಕ್ಕದಲ್ಲಿ ತಲೆಯಿಂದ ನೀರು ಹುಯ್ದುಕೊಂಡು, ಸೀಗೆಪುಡಿ ಹಾಕಿ ಉಜ್ಜಿಕೊಂಡೆ. ನನ್ನ ಖಾಕಿ ಬಟ್ಟೆಯನ್ನು ಅಕ್ಕ ಕೋಲಿನಿಂದ ಎತ್ತಿ ಹಿತ್ತಿಲ ಬೇಲಿಯ ಮೇಲೆ ಹಾಕಿದಳು. ಭಾವನ ಬಿಳಿ ಅಂಗಿ, ಪಂಚೆ ಉಟ್ಟು ಊಟಕ್ಕೆ ಕೂತೆ. ಮುದ್ದೆ, ಅವರೆಕಾಳಿನ ಸಾರು. ಒಳಕೋಣೆಯಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಜಿಟಿಜಿಟಿ ಮಳೆಯಂತೆ ಕೇಳುತ್ತಿತ್ತು. ಸಾಬರಿಗೂ ಒಂದು ತಟ್ಟೆ ಕಳಿಸಿದೆವು.

ಎರಡನೆಯ ತುತ್ತಿಗೇ ನಮ್ಮ ಗಾಡಿಯ ಹಾರ್ನ್ ಕೇಳಿಸಿತು. ನಿಲ್ಲಿಸದೆ ಒತ್ತುತ್ತಿದ್ದರು. ಹೊರಗೆ ಬಂದು ನೋಡಿದರೆ ಚಿಂತಾಮಣಿ ಕಡೆಯಿಂದ ಬಂದ ಬಸ್ಸೊಂದು ನಮ್ಮ ಗಾಡಿಯ ಪಕ್ಕ ನಿಂತಿದೆ, ಅದರ ಡ್ರೈವರು ಕೈ ಆಡಿಸಿ ಹೇಳುತ್ತಿದ್ದಾನೆ. ಸಾಬರು ನನ್ನತ್ತ ಕೂಗಿದರು. "ಓಡಿ ಬನ್ನಿ! ಅಂಬಾಜಿದುರ್ಗದ ತಿರುವಲ್ಲಿ ಲಾರಿ ಮಗುಚೈತಂತೆ. ಅಡೀಲಿ ಒಬ್ಬ ಸಿಕ್ಕೊಂಡವ್ನಂತೆ, ಇನ್ನೂ ಜೀವ ಐತಂತೆ."

ಕೈ ಪಂಚೆಗೆ ಒರೆಸಿಕೊಂಡು ಓಡಿದೆ. ಓಡಿ ಹತ್ತಿದ್ದಷ್ಟೇ ನೆನಪು.

ಇಪ್ಪತ್ತು ಮೈಲಿಯ ಮೇಲಿನ ದಾರಿ. ಶಿಡ್ಲಘಟ್ಟದಲ್ಲಿ ಟೋಪಿ ಹಾಕಿಕೊಂಡ ಜನ ಮಸೀದಿಯತ್ತ ಹೋಗುತ್ತಿದ್ದರು. ಸಾಬರು ಅತ್ತ ತಿರುಗಿಯೂ ನೋಡಲಿಲ್ಲ. ಆ ಹಳೆಯ ಗಾಡಿ ಅಷ್ಟು ಜೋರಾಗಿ ಓಡಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಹೋದ ಕೂಡಲೇ ಜಾಕಿ ಎಲ್ಲಿ ಕೂರಿಸಬೇಕು, ಸರಪಳಿ ಎಲ್ಲಿ ಹಾಯಿಸಬೇಕು ಎಂದು ಇಬ್ಬರೂ ದಾರಿಯುದ್ದಕ್ಕೂ ಮಾತಾಡಿಕೊಂಡೆವು. ಹಿಂದೆಂದೂ ನಾವು ಅಷ್ಟು ಒಂದಾಗಿ ಮಾತಾಡಿರಲಿಲ್ಲ.

ಕಡಲೆಕಾಯಿ ಮೂಟೆಯ ಲಾರಿ ರಸ್ತೆಯ ಎಡಕ್ಕೆ ಪಕ್ಕವಾಗಿ ಬಿದ್ದಿತ್ತು. ಮೂಟೆಗಳ ಮೇಲೆ ಕೂತು ಬರುತ್ತಿದ್ದ ಇಬ್ಬರು ಹಮಾಲಿಗಳಲ್ಲಿ ಅಣ್ಣ ಪಿಳ್ಳಪ್ಪ ದೂರಕ್ಕೆ ಬಿದ್ದು ಬದುಕಿದ್ದ. ತಮ್ಮ ನಾರಾಯಣಪ್ಪನ ತೊಡೆಗಳಿಂದ ಕೆಳಗೆಲ್ಲ ಲಾರಿಯ ಅಂಚಿನ ಅಡಿಯಲ್ಲಿತ್ತು. ಹಳ್ಳಿಯ ಜನ ಮೂಟೆ ಇಳಿಸಿದ್ದರು. ಮಣ್ಣು ಅಗೆಯಲು ನೋಡಿದರೆ ಕೆಳಗೆ ಬರೀ ಬಂಡೆ. ಮರದ ತೊಲೆ ಕೊಟ್ಟು ಮೀಟಿದಾಗ ಲಾರಿ ಇನ್ನಷ್ಟು ಜಾರಿತೆಂದು ಹೆದರಿ ಕೈಬಿಟ್ಟಿದ್ದರು. ನಮ್ಮ ಗಾಡಿಯ ಕ್ರೇನು ಕಂಡು ಜನರೆಲ್ಲ ಹೋ ಎಂದು ದಾರಿ ಬಿಟ್ಟರು.

"ವಚ್ಚಿನಾರಾ?" ಎಂದು ಬಿದ್ದವನು ಕೇಳಿದ್ದು ನನಗೆ ಕೇಳಿಸಿತು. ಬಂದರಾ ಎಂದು.

"ವಚ್ಚಿನಾರು ರಾ, ವಚ್ಚಿನಾರು" ಎಂದ ಅಣ್ಣ.

ನಾನು ಪೆಟ್ಟಿಗೆಯ ಹತ್ತಿರ ಹೋಗಿ ಎದೆಗೆ ಕೈ ಹಾಕಿದೆ. ಭಾವನ ಅಂಗಿಗೆ ಒಳಜೇಬೇ ಇರಲಿಲ್ಲ.

ಸಾಬರ ಹತ್ತಿರ ಹೋಗಿ, ಅವರೊಬ್ಬರಿಗೇ ಕೇಳುವಂತೆ, "ಸಾಬರೇ, ಬೀಗದ ಕೈ ಮೇಲೂರಲ್ಲೇ ಉಳೀತು" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಬೈಯಲಿಲ್ಲ. ಜನರ ಕಡೆ ತಿರುಗಿ, "ಬೀಗದ ಕೈ ಇಲ್ಲ, ಕಳೆದೋಯ್ತು! ಸುತ್ತಿಗೆ, ಹಾರೆ ಏನೈತೋ ತನ್ನಿ, ಬೇಗ ತನ್ನಿ!" ಎಂದು ಗಂಟಲು ಹರಿಯುವಂತೆ ಕೂಗಿದರು.

ಹಾರೆ ಬಂತು. ಪೈಪಿನೊಳಗೆ ತೂರಲಿಲ್ಲ. ಹಾರೆ ತೂರಬಾರದೆಂದೇ ಅಲ್ಲವೇ ನಾನು ಪೈಪು ಬೆಸೆದದ್ದು. ಬಾಗಿಲ ಸಂದಿಗೆ ಹಾಕಿ ಮೀಟಿದರೆ ಹಾರೆಯ ತುದಿ ಬಗ್ಗಿತು. ಕಲ್ಲು ಒಡೆಯುವವನೊಬ್ಬನನ್ನು ಬೆಟ್ಟದ ಬುಡದಿಂದ ಕರೆತಂದರು. ಅವನು ದೊಡ್ಡ ಸುತ್ತಿಗೆ, ಚಾಣದಿಂದ ನನ್ನ ಬೆಸುಗೆಯ ಮೇಲೆ ಹೊಡೆಯತೊಡಗಿದ. ಎಲ್ಲಿ ಹೊಡೆದರೆ ಬಿಡುತ್ತದೆ ಎಂದು ನಾನು ತೋರಿಸುತ್ತಿದ್ದೆ, ಎಲ್ಲಿಯೂ ಬಿಡುವಂತಿರಲಿಲ್ಲ. ನನ್ನ ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು. ನಡುನಡುವೆ ನಾರಾಯಣಪ್ಪ, "ಅನ್ನಾ, ನೀಳ್ಳು" ಎಂದು ನೀರು ಕೇಳುತ್ತಿದ್ದ. ಅಣ್ಣ ಟವೆಲ್ಲನ್ನು ನೀರಿಗೆ ಅದ್ದಿ ಬಾಯಿಗೆ ಹಿಂಡುತ್ತಿದ್ದ. ಮೊದಲು ಎರಡು ನಿಮಿಷಕ್ಕೊಮ್ಮೆ ಕೇಳುತ್ತಿದ್ದವನು ಆಮೇಲೆ ಕೇಳುವುದನ್ನು ಬಿಟ್ಟ.

ಮುಕ್ಕಾಲು ಗಂಟೆಯಾದ ಮೇಲೆ ಬೆಸುಗೆ ಸೀಳಿತು. ಜಾಕಿ ಕೂರಿಸಿ, ಸರಪಳಿ ಬಿಗಿದು, ಕ್ರೇನು ತಿರುಗಿಸಿ ಲಾರಿಯನ್ನು ಒಂದು ಮೊಳ ಎತ್ತಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಎಳೆದು ಮಲಗಿಸಿದಾಗ ಬಾಯಿಗೆ ಹಿಂಡಿದ್ದ ನೀರು ಕೆನ್ನೆಯ ಮೇಲೆ ಹರಿದುಬಂತು. ಪಿಳ್ಳಪ್ಪ ಅದನ್ನು ಒರೆಸಿ ಮತ್ತೆ ನೀರು ಹಿಂಡಿದ. ಯಾರೋ ಅವನ ಕೈ ಹಿಡಿದು ನಿಲ್ಲಿಸಿದರು.

ಪಿಳ್ಳಪ್ಪ ಎದ್ದು ನೇರವಾಗಿ ಬಂದು ಸಾಬರ ಕೊರಳಪಟ್ಟಿ ಹಿಡಿದ. "ಬೀಗದ್ ಕೈ ಎಲ್ಲೋ ಮಡಗಿದ್ದೆ? ಎಲ್ಲೋ ಮಡಗಿದ್ದೆ?" ಎಂದು ಕೆನ್ನೆಗೆ ಹೊಡೆದ. ಇನ್ನಿಬ್ಬರು ಸೇರಿಕೊಂಡರು. ಗಾಡಿಯವನ ಹತ್ತಿರ ಗಾಡಿಯ ಬೀಗದ ಕೈ ಇರುವುದು ಲೋಕರೂಢಿ; ಬಿಳಿ ಅಂಗಿ, ಪಂಚೆಯ ನನ್ನನ್ನು ಲಾರಿಯಲ್ಲಿ ಬಂದ ಯಾರೋ ದೊಡ್ಡ ಮನುಷ್ಯನೆಂದೇ ಅವರು ಎಣಿಸಿದ್ದರು. "ಪಕ್ಕಕ್ಕೆ ಬನ್ನಿ ಸ್ವಾಮಿ, ನಿಮಗೆ ಪೆಟ್ಟಾದೀತು" ಎಂದು ಒಬ್ಬ ನನ್ನನ್ನು ಮರ್ಯಾದೆಯಿಂದ ಸರಿಸಿದ. ಸಾಬರ ತುಟಿ ಒಡೆದಿತ್ತು. ಅವರು ಜನರ ತಲೆಗಳ ಮೇಲಿನಿಂದ ನನ್ನನ್ನು ನೋಡಿದರು. ನಾನು ಬಾಯಿ ತೆರೆಯಲಿಲ್ಲ. ಹೆದರಿದ್ದೆ, ಬೇರೆ ಕಾರಣವಿಲ್ಲ.

ನಾರಾಯಣಪ್ಪನ ದೇಹವನ್ನು ನಮ್ಮ ಗಾಡಿಯಲ್ಲೇ ಚಿಂತಾಮಣಿಯ ಆಸ್ಪತ್ರೆಗೆ ಒಯ್ದೆವು. ಪೊಲೀಸರು ಸಾಬರ ಹೇಳಿಕೆ ಬರೆದುಕೊಂಡರು. ಬೀಗದ ಕೈ ಕಳೆದುಹೋಯಿತು ಎಂದಷ್ಟೇ ಅವರು ಬರೆಸಿದರು. ನನ್ನ ಹೆಸರಷ್ಟೇ ಕೇಳಿದರು. ಕೆಟ್ಟ ಬಸ್ಸನ್ನು ತರುವ ಮಾತು ಇಬ್ಬರೂ ಎತ್ತಲಿಲ್ಲ. ನಾಲ್ಕರ ಹೊತ್ತಿಗೆ ಹೊರಟೆವು, ಮೂವತ್ತು ಮೈಲಿ ದಾರಿ. ಮೇಲೂರಿನ ಕವಲು ಬಂದಾಗ ಗಾಡಿ ನಿಧಾನವಾಯಿತು. ನಾನು ಮುಖ ಆಚೆ ತಿರುಗಿಸಿದೆ. ಗಾಡಿ ಮುಂದಕ್ಕೆ ಹೋಯಿತು.

ಆರೂವರೆಗೆ ಚಿಕ್ಕಬಳ್ಳಾಪುರ. ಫೋನಿನಲ್ಲಿ ಸುದ್ದಿ ತಿಳಿದಿದ್ದ ಯಜಮಾನರು ಗೇಟಿನಲ್ಲೇ ನಿಂತಿದ್ದರು. ಒಡೆದ ಪೆಟ್ಟಿಗೆ ನೋಡಿ, "ಏನು ಸಾಬರೇ, ಬೀಗದ ಕೈ ನಿಮ್ಮ ಕೈಗೆ ಹೇಗೆ ಬಂತು?" ಎಂದರು. ಆಗ ನಾನು ಬಾಯಿಬಿಟ್ಟೆ. ಮರೆತದ್ದು ನಾನು, ಅಕ್ಕನ ಮನೆಯಲ್ಲಿ ಬಟ್ಟೆ ಬದಲಾಯಿಸಿದಾಗ ಉಳಿಯಿತು, ಇವರದ್ದೇನೂ ತಪ್ಪಿಲ್ಲ ಎಂದು ಎಲ್ಲವನ್ನೂ ಹೇಳಿದೆ. ಯಜಮಾನರು ನನ್ನ ಹೆಗಲು ತಟ್ಟಿದರು. "ನೀನು ಒಳ್ಳೇವನಯ್ಯ, ಅದಕ್ಕೇ ಅವನ ತಪ್ಪು ನಿನ್ನ ತಲೆ ಮೇಲೆ ಹಾಕ್ಕೋತಾ ಇದೀಯ. ಪೊಲೀಸಿನವರ ಮುಂದೆ ಕಳ್ಕೊಂಡೆ ಅಂತ ಅವನೇ ಬರೆಸಿದಾನಂತಲ್ಲ." ಎಷ್ಟು ಹೇಳಿದರೂ ಅವರು ನಂಬಲಿಲ್ಲ. ನಾಳೆಯಿಂದ ಬರಬೇಡಿ ಎಂದು ಸಾಬರಿಗೆ ಹೇಳಿ ಒಳಗೆ ಹೋದರು.

ಸಾಬರು ಸೀಟಿನ ಕೆಳಗಿದ್ದ ತಮ್ಮ ಟವೆಲ್ಲು, ಊಟದ ಡಬ್ಬಿ ತೆಗೆದುಕೊಂಡರು. ಗೇಟಿನ ತನಕ ನಾನು ಹಿಂದೆಯೇ ಹೋದೆ.

"ಸಾಬರೇ, ನಾನು ಹೇಳಿದೆನಲ್ಲ."

"ಹೇಳಿದ್ರಿ" ಎಂದರು. ಒಡೆದ ತುಟಿಯಿಂದ ಮಾತು ಕಷ್ಟದಲ್ಲಿ ಬರುತ್ತಿತ್ತು. "ಅಲ್ಲಿ ಹೇಳ್ತೀರಿ ಅಂತ ಕಾಯ್ತಾ ಇದ್ದೆ."

ಶಿಡ್ಲಘಟ್ಟದ ಕಡೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವರು ನಡೆದೇ ಹೊರಟರು.