ಕೆನಾಲಿನ ಮೂಲದಲ್ಲಿರುವ ಜೊಂಡು

ಮಿತ್ರರೆ, ಇಂದು ಹೊಳೆನರಸೀಪುರದ ಬಳಿ, ನೀರಾವರಿ ಎಂಜಿನಿಯರಾದ ನನ್ನ ಉಸ್ತುವಾರಿಯ ನಾಲೆಯ ದಂಡೆಯಲ್ಲಿ ರೈತ ರಂಗೇಗೌಡರು ನನ್ನ ಜೀಪು ತಡೆದರು. ನಾಲೆಯ ತುಂಬ ಜೊಂಡು ಬೆಳೆದು, ಕೊನೆಯಲ್ಲಿರುವ ಅವರ ಗದ್ದೆಗೆ ನೀರು ತಲುಪದೆ ನಾಟಿ ಒಣಗುತ್ತಿತ್ತು.

"ಜೊಂಡು ಯಾವಾಗ ಕೀಳುಸ್ತೀರಾ ಸಾ?"

ಟೆಂಡರ್ ಆಗಿಲ್ಲವೆನ್ನಲು ಸಂಕೋಚವಾಗಿ, ಮಾತು ಬದಲಿಸಿದೆ. 'ಕೆನಾಲ್' ಎಂಬ ಇಂಗ್ಲಿಷ್ ಪದದ ಲ್ಯಾಟಿನ್ ಮೂಲಕ್ಕೆ ಜೊಂಡು ಎಂದೇ ಅರ್ಥವೆಂದೂ, ಟೊಳ್ಳು ಜೊಂಡಿನಿಂದ ಕೊಳವೆಯ ಅರ್ಥವೂ ಅದರಿಂದ ಕಾಲುವೆಯ ಅರ್ಥವೂ ಬಂದಿತೆಂದೂ ವಿವರಿಸಿದೆ.

ಗೌಡರು ಕೊನೆಯವರೆಗೂ ಕೇಳಿದರು. "ಅಂಗಾದ್ರೆ ನಿಮ್ಮ ಕೆಲ್ಸ ಮುಗೀತು ಕಣ್ ಸಾ. ನಾಲೇನ ಅದ್ರ ಮೂಲಕ್ಕೇ ತಂದು ನಿಲ್ಸಿದ್ದೀರಿ."

ಬಳಿಕ ಪಂಚೆ ಎತ್ತಿಕಟ್ಟಿ ನೀರಿಗಿಳಿದು ಜೊಂಡು ಕೀಳತೊಡಗಿದರು. ದಂಡೆಯ ಮೇಲೆ ನಿಲ್ಲಲಾಗದೆ ನಾನೂ ಪ್ಯಾಂಟು ಮಡಚಿದೆ. ಸಂಜೆಗೆ ಗದ್ದೆಯತ್ತ ಸ್ವಲ್ಪ ನೀರು ಹರಿಯಿತು.

ಪದದಲ್ಲಿರುವ ಜೊಂಡಿಗಿಂತ ನಾಲೆಯಲ್ಲಿರುವ ಜೊಂಡಿನ ಬೇರು ಆಳವಾದದ್ದು. ಉರಿಯುವ ಅಂಗೈಯಿಂದಲೇ ಇದನ್ನು ಬರೆಯುತ್ತಿದ್ದೇನೆ.