ಹಗೇವಿನ ಬಾಣಂತಿ

ಬಚ್ಚಲ ಮೂಲೆಯಲ್ಲಿ ಇವತ್ತೊಂದು ಉದ್ದಗಾಲಿನ ಜೇಡ ಬಾಯಲ್ಲಿ ತತ್ತಿಯ ಗಂಟು ಕಚ್ಚಿಕೊಂಡು ನೇತಾಡುತ್ತಿತ್ತು. ನೋಡಿದ್ದೇ ತಡ, ಮಣ್ಣೂರಿನ ನಮ್ಮ ಹಗೇವಿನ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ನೆಲದಡಿ ಜೋಳ ತುಂಬಿಡುವ ಗವಿ ಅದು.

ಖಾಲಿಯಾದಾಗ ಆಯಿ, ನನ್ನ ಅಜ್ಜಿ, ಮೊದಲು ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಗುಡಿಸಲು ನನ್ನನ್ನು ಇಳಿಸುತ್ತಿದ್ದಳು. ಒಮ್ಮೆ ಗೋಡೆಯ ಮೇಲೆ ಇಂಥದೇ ಜೇಡ ಕಂಡು ಕೂಗಿ ಹೇಳಿದೆ.

"ಮುಟ್ಟಬ್ಯಾಡ ಬೇ, ಅಕಿ ಬಾಣಂತಿ ಅದಾಳ," ಎಂದಳು ಆಯಿ.

ಗೆಳತಿಯರಿಗೆ ತೋರಿಸುವ ಆಸೆಗೆ ನಾನು ಅದನ್ನು ಕಡ್ಡಿಪೆಟ್ಟಿಗೆಯಲ್ಲಿ ಕದ್ದು ತಂದೆ. ಬಿಸಿಲಲ್ಲಿ ತೆರೆದಾಗ ಸತ್ತಿತ್ತು. ಗಂಟು ಮಾತ್ರ ಬಿಟ್ಟಿರಲಿಲ್ಲ.

ಹೊಸ ಜೋಳ ತುಂಬುವ ಮುಂಚೆ ಆಯಿ ಬೇವಿನ ಹೊಗೆ ಹಾಕಿ ಇಣುಕಿದಳು; ಜೇಡ ಕಾಣಲಿಲ್ಲ. "ನನ್ನ ಹೊಗಿಗೇ ಸತ್ತಾಳ ಬಾಣಂತಿ. ನಾ ಪಾಪಿ," ಎಂದು ಕೆನ್ನೆ ಬಡಿದುಕೊಂಡಳು. ಕಡ್ಡಿಪೆಟ್ಟಿಗೆಯ ಮಾತು ಆಯಿ ತೀರಿಹೋಗುವವರೆಗೂ ನಾನು ಹೇಳಲಿಲ್ಲ.

ಇವತ್ತು ಜೇಡಕ್ಕೆ ನೀರು ಸಿಡಿಯದ ಹಾಗೆ ಮುದುಡಿ ಕೂತು ಜಳಕ ಮಾಡಿದೆ. ಆಯಿಗೆ ಇದರಿಂದ ಏನಾಗಬೇಕು?