ಮೂರನೇ ಸಲದ ಅಳು

ದೆವ್ವ, ಮಾಟ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದ ಆಸಾಮಿ ನಾನು. ಈಗಲೂ ಅವನ್ನೆಲ್ಲ ನಂಬುವುದಿಲ್ಲ. ಆದರೆ ಎಂಬತ್ತರ ದಶಕದ ಆ ಒಂದು ಮಧ್ಯಾಹ್ನವನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ. ನೆನೆದರೆ ಭಯವಾಗುವುದಿಲ್ಲ, ಹೇಸಿಗೆಯಾಗುತ್ತದೆ.

ವಿಶ್ವವಿದ್ಯಾಲಯದಲ್ಲಿ ನನ್ನ ಮುಖ್ಯ ವಿಷಯ ಇತಿಹಾಸ. ಜೊತೆಗೊಂದು ಉಪವಿಷಯ ಬೇಕಿತ್ತು. ಸಿನಿಮಾ ನಿರ್ಮಾಣ ಎಂದು ಬರೆದುಕೊಟ್ಟೆ. ವರ್ಷದ ಕೊನೆಗೆ ಇಬ್ಬಿಬ್ಬರು ಸೇರಿ ಒಂದು ಸಣ್ಣ ಮೂಕಿ ಚಿತ್ರ ಮಾಡಬೇಕು, ಪಾಸು ಫೇಲು ಅದರಲ್ಲೇ. ಆರ್.ಟಿ. ನಗರದಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ಸುರೇಶ ನಿರ್ದೇಶಕ, ಕ್ಯಾಮೆರಾ ನನ್ನದು. "ಮಗಾ, ನಿಜವಾದ ದುಃಖ ಬೇಕು ಕಣೋ, ಡ್ರಾಮಾ ಬೇಡ," ಎನ್ನುತ್ತಾ ಅವನೇ ಊರಾಚೆಯ ಹಳ್ಳಿ ಅಲ್ಲಾಳಸಂದ್ರದ ಮುನಿಯಮ್ಮನವರನ್ನು ಹುಡುಕಿದ. ಅವರ ಮಗ ಕೆರೆಗೆ ಬಿದ್ದು ಸತ್ತು ಇನ್ನೂ ತಿಂಗಳಾಗಿರಲಿಲ್ಲ.

ನಮ್ಮ ಕ್ಯಾಮೆರಾ ಚಾವಿ ಕೊಡುವಂಥದ್ದು. ಪೂರ್ತಿ ತಿರುವಿದರೂ ಅರ್ಧ ನಿಮಿಷ ಓಡಿ ನಿಲ್ಲುತ್ತಿತ್ತು. ಮುನಿಯಮ್ಮ ಕೆರೆ ಏರಿಯ ಮೇಲೆ ಕೂತು ಮಗನ ಬಗ್ಗೆ ಹೇಳುತ್ತಾ ಅಳತೊಡಗಿದರು. ನಾನು ಪೆದ್ದ, ಸರಿಯಾಗಿ ಚಾವಿ ಕೊಟ್ಟಿರಲಿಲ್ಲ, ನಡುವೆಯೇ ನಿಂತುಬಿಟ್ಟಿತು. "ಅಜ್ಜಿ, ಇನ್ನೊಂದ್ಸಲ ಅಳಿ," ಎಂದ ಸುರೇಶ. ಎರಡನೇ ಸಲ ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು. "ಮುಖ ಕಾಣ್ಬೇಕು ಅಜ್ಜಿ!" ಮುನಿಯಮ್ಮ ಮೂಗು ಒರೆಸಿಕೊಂಡು ಕೇಳಿದರು: "ಇಂಗೆ ಕುಂತ್ರೆ ಆಯ್ತದಾ ಮಗ?"

ಥೂ, ನಮ್ಮ ಜನ್ಮಕ್ಕಿಷ್ಟು ಬೆಂಕಿ ಹಾಕ!

ಮೂರನೇ ಸಲ ಅವರು ಬಿಕ್ಕಿ ಬಿಕ್ಕಿ ಅತ್ತರು. ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಾರೆ ಕಂಡೆ. ಸುರೇಶ ಬೆನ್ನು ತಟ್ಟಿ "ಸಿಕ್ತು ಗುರು," ಎಂದ.

ಲ್ಯಾಬಿನಲ್ಲಿ ತೊಳೆದು ಬಂದ ರೀಲನ್ನು ಮೇಷ್ಟ್ರ ಮುಂದೆ ಪರದೆಗೆ ಬಿಟ್ಟೆವು. ಮೊದಲೆರಡು ಸಲದ ಅಳು ಹಾಗೇ ಇತ್ತು. ಮೂರನೆಯದರಲ್ಲಿ ಮುನಿಯಮ್ಮ ಅಳುತ್ತಿರಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಒಣಗಿದ ಕಣ್ಣುಗಳಿಂದ ನೇರ ನನ್ನನ್ನೇ ನೋಡುತ್ತಾ ಕೂತಿದ್ದರು, ರೀಲು ಮುಗಿಯುವವರೆಗೂ. ಮೇಷ್ಟ್ರು ಮಾತ್ರ, "ಅಬ್ಬಾ, ಎಂಥಾ ಸಂಯಮ ಕಣ್ರಯ್ಯಾ! ಇದೊಂದೇ ಸಾಕು, ಅಳೋದೆಲ್ಲ ಕಿತ್ತಾಕಿ," ಎಂದರು. "ಅಳ್ಬೇಡಿ ಅಂತ ನಾನೇ ಹೇಳಿದ್ದೆ ಸಾರ್," ಎಂದ ಸುರೇಶ, ನಾಚಿಕೆಗೆಟ್ಟವನು. ನಾನೂ ಹೌದೆಂದು ತಲೆಯಾಡಿಸಿದೆ. ಇಬ್ಬರೂ ಪಾಸಾದೆವು.

ತಡೆಯಲಾಗದೆ ಮರುದಿನ ಬಸ್ಸು ಹತ್ತಿ ಅಲ್ಲಾಳಸಂದ್ರಕ್ಕೆ ಹೋದೆ. ಮುನಿಯಮ್ಮನವರ ಬಳಿ ತಪ್ಪಾಯಿತೆಂದು ಕೇಳಿಕೊಂಡು, ಮೂರನೇ ಸಲ ಅತ್ತದ್ದರ ಮಾತೆತ್ತಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಆಗ ನಾ ಎಲ್ಲಿ ಅತ್ತೆ ಮಗ? ನಂಗೆ ಕಣ್ಣೀರೇ ಬರ್ನಿಲ್ಲ. ಆ ಡಬ್ಬಿ ಇಂದ್ಗಡೆ ನಿಂತ್ಕಂಡು ನೀನೇ ಅಲ್ವಾ ಬಿಕ್ಕಿ ಬಿಕ್ಕಿ ಅಳ್ತಿದ್ದಿದ್ದು?"

ಆಣೆ ಮಾಡಿ ಹೇಳುತ್ತೇನೆ, ನಾನು ಅತ್ತಿರಲಿಲ್ಲ. ಹಾಗಾದರೆ ಕಿಂಡಿಯಲ್ಲಿ ಕಂಡದ್ದು ಯಾರ ಅಳು, ಇಂದಿಗೂ ತಿಳಿಯದು. ಆ ಹೊತ್ತಿನಲ್ಲಿ ನಾನೇನು ಮಾಡುತ್ತಿದ್ದೆ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಫೋಕಸ್ ಸರಿಯಾಗಿದೆಯೇ ಎಂದು ನೋಡುತ್ತಿದ್ದೆ.